ಒಬ್ಬರೇ ಸದಸ್ಯರಿದ್ದ ಸಮಿತಿ

ವಿಶ್ವವಿದ್ಯಾಲಯದಲ್ಲಿ ಹೊಸ ವಿಭಾಗವೊಂದು ಹುಟ್ಟುವುದು ಜ್ಞಾನದ ಹಸಿವಿನಿಂದ ಎಂದು ನಂಬಿಕೊಂಡು ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರಿಗೆ ಮೊದಲೇ ಹೇಳಿಬಿಡುತ್ತೇನೆ. ನಾನು ಕಂಡ ಮಟ್ಟಿಗೆ ಅದು ಹುಟ್ಟುವುದು ಯಾವುದೋ ಕಟ್ಟಡದಲ್ಲಿ ನಾಲ್ಕು ಕೋಣೆ ಖಾಲಿಯಾದಾಗ. ಮುಚ್ಚುವುದೂ ಹಾಗೆಯೇ, ಆ ನಾಲ್ಕು ಕೋಣೆ ಬೇರೆ ಯಾರಿಗೋ ಬೇಕಾದಾಗ. ಈ ಎರಡರ ನಡುವೆ ಅಲ್ಲಿ ಒಂದಿಷ್ಟು ಪಾಠ, ಒಂದಿಷ್ಟು ಸಂಶೋಧನೆ, ಬೇಕಾದಷ್ಟು ಜಗಳ ನಡೆದಿರುತ್ತದೆ. ಕಹಿಯಿಂದ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ನಿವೃತ್ತಳಾಗಿ ಮನೆಯಲ್ಲಿ ಕೂತ ಮೇಲೆ, ಆ ಜಗಳಗಳಿಲ್ಲದ ಮಧ್ಯಾಹ್ನಗಳು ಎಷ್ಟು ಸಪ್ಪೆ ಎಂದು ನನಗೆ ಗೊತ್ತಾಗಿದೆ.

ನಾನು ಚಿತ್ರದುರ್ಗದವಳು. ಗಂಡನಿಗೆ ದೆಹಲಿಯಲ್ಲಿ ಕೇಂದ್ರ ಸರ್ಕಾರದ ನೌಕರಿ, ನಮ್ಮ ಸಂಸಾರ ಜನಕಪುರಿಯಲ್ಲಿ. ನನಗೆ ಅಲ್ಲಿನ ಒಂದು ವಿಶ್ವವಿದ್ಯಾಲಯದ ಶೈಕ್ಷಣಿಕ ಶಾಖೆಯಲ್ಲಿ ಕೆಲಸ ಸಿಕ್ಕಿತು. ವಿಭಾಗಗಳನ್ನು ತೆರೆಯುವ, ಕೂಡಿಸುವ, ಒಡೆಯುವ, ಮುಚ್ಚುವ ಕಡತಗಳೆಲ್ಲ ನಮ್ಮ ಶಾಖೆಯ ಮೂಲಕವೇ ಹೋಗಬೇಕಿತ್ತು. ನನಗೆ ಯಾವಾಗ ಬಡ್ತಿ ಬಂತು, ಯಾವಾಗ ತಪ್ಪಿತು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನೆಲ್ಲ ನನ್ನ ಗಂಡ ಊಟದ ಹೊತ್ತಿನಲ್ಲಿ ಸಾಕಾಗುವಷ್ಟು ಕೇಳಿದ್ದಾರೆ.

ನನಗೆ ಕೆಲಸ ಕಲಿಸಿದವರು ನಮ್ಮ ಉಪಕುಲಸಚಿವರಾದ ಭಾಟಿಯಾ ಸಾಹೇಬರು. ದಪ್ಪ ಮೀಸೆ, ಅದಕ್ಕಿಂತ ದಪ್ಪ ಕನ್ನಡಕ. ಬೈದರೆ ಮೂರು ಕೋಣೆಗೆ ಕೇಳಿಸುತ್ತಿತ್ತು, ಹೊಗಳಿದರೆ ಎದುರಿಗಿದ್ದವರಿಗೂ ಕೇಳಿಸುತ್ತಿರಲಿಲ್ಲ. ಚಳಿಗಾಲದಲ್ಲಿ ಶಾಖೆಯವರೆಲ್ಲ ಹುಲ್ಲುಹಾಸಿನ ಮೇಲೆ ಬಿಸಿಲಿಗೆ ಕೂತು ಊಟ ಮಾಡುತ್ತಿದ್ದೆವು. ಕಡಲೆಕಾಯಿ ಸಿಪ್ಪೆ ರಾಶಿ ಬೀಳುತ್ತಿತ್ತು, ಸೀಬೆಹಣ್ಣಿನ ಭಯ್ಯಾ ಬಂದು ಮಸಾಲೆ ಉದುರಿಸಿ ಕೊಡುತ್ತಿದ್ದ. ನನ್ನ ಚಿತ್ರಾನ್ನಕ್ಕೆ ಸಾಹೇಬರು 'ಪೀಲೇ ಚಾವಲ್', ಅಂದರೆ ಹಳದಿ ಅನ್ನ, ಎಂದು ಹೆಸರಿಟ್ಟು, ಕೇಳದೆಯೇ ಅರ್ಧ ಡಬ್ಬಿ ಖಾಲಿ ಮಾಡುತ್ತಿದ್ದರು. ಆಡಳಿತದ ನಿಜವಾದ ಪಾಠ ನಡೆಯುತ್ತಿದ್ದದ್ದು ಅಲ್ಲಿ.

"ವಸುಂಧರಾ ಜೀ, ಶೈಕ್ಷಣಿಕ ಪರಿಷತ್ತಿನ ಸಭೆಯಲ್ಲಿ ಗಲಾಟೆ ಆಗುವ ವಿಷಯ ಯಾವುದು ಅಂತ ಮೊದಲೇ ಗುರುತು ಮಾಡಿಕೊಳ್ಳಿ. ಸರಿಯಾಗಿ ಆ ಹೊತ್ತಿಗೆ ಸಮೋಸಾ ಒಳಗೆ ಕಳಿಸಿ. ಬಿಸಿಯಾಗಿರಬೇಕು. ತಣ್ಣಗಿದ್ದರೆ ವಿರೋಧ ಮುಂದುವರಿಯುತ್ತೆ" ಎನ್ನುತ್ತಿದ್ದರು. ನಾನು ನಕ್ಕಿದ್ದೆ. ಆಮೇಲೆ ಎಷ್ಟೋ ಹೊಸ ಕೋರ್ಸುಗಳು ಸಮೋಸಾದ ಬಿಸಿಯಲ್ಲಿ ಪಾಸಾದದ್ದನ್ನು ಕಣ್ಣಾರೆ ಕಂಡೆ.

ಒಂದು ವಿಭಾಗ ಒಡೆದದ್ದನ್ನು ಹೇಳಬೇಕು. ಇಬ್ಬರು ಪ್ರೊಫೆಸರರಿಗೆ ಒಬ್ಬರ ಮುಖ ಒಬ್ಬರಿಗೆ ಆಗುತ್ತಿರಲಿಲ್ಲ. ವಿಷಯ ಒಂದೇ, ಕಲಿತದ್ದೂ ಒಂದೇ ಗುರುವಿನ ಹತ್ತಿರ. ಕೊನೆಗೆ 'ಶೈಕ್ಷಣಿಕ ಬೆಳವಣಿಗೆಯ ದೃಷ್ಟಿಯಿಂದ' ಎಂದು ಬರೆದು ಎರಡು ವಿಭಾಗ ಮಾಡಿದೆವು. ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಂಡ ಹಾಗೆಯೇ ಆಯಿತು. ಬೀರು ಒಬ್ಬರಿಗೆ, ಬೀಗ ಇನ್ನೊಬ್ಬರಿಗೆ. ಪುಸ್ತಕಗಳನ್ನು ಹಂಚುವಾಗ ಎರಡು ಸಂಪುಟದ ಗ್ರಂಥದಲ್ಲಿ ಒಂದೊಂದು ಸಂಪುಟ ಒಂದೊಂದು ಕಡೆ ಹೋಯಿತು. ವಾಟರ್ ಕೂಲರ್ ಯಾರದೆಂದು ತೀರ್ಮಾನವಾಗದೆ ಮೊಗಸಾಲೆಯ ಸರಿಯಾಗಿ ನಡುವೆ ಇಟ್ಟರು. ಬೇಸಿಗೆಯಲ್ಲಿ ಇಬ್ಬರೂ ಅಲ್ಲಿಗೇ ಬಂದು, ಬೇರೆ ಬೇರೆ ಗೋಡೆ ನೋಡುತ್ತ ನೀರು ಕುಡಿಯುತ್ತಿದ್ದರು.

ಇನ್ನೊಂದು ಎಡವಟ್ಟು ಇದಕ್ಕಿಂತ ದೊಡ್ಡದು. ಒಂದೇ ಸಭೆಯಲ್ಲಿ ಎರಡು ವಿಷಯ ಬಂದಿದ್ದವು. ಮೊದಲನೆಯದರಲ್ಲಿ ದೊಡ್ಡ ವಿಭಾಗವೊಂದಕ್ಕೆ ಕಾಲಕ್ಕೆ ತಕ್ಕ ಹೊಸ ಹೆಸರು ಕೊಟ್ಟರು. ಎರಡನೆಯದರಲ್ಲಿ ಸಣ್ಣ ವಿಭಾಗವೊಂದನ್ನು ಅದೇ ದೊಡ್ಡ ವಿಭಾಗಕ್ಕೆ ಸೇರಿಸಿದರು, ಆದರೆ ಹಳೆಯ ಹೆಸರಿನಲ್ಲಿ. ಅಂದರೆ ಅರ್ಧ ಗಂಟೆಯ ಹಿಂದೆ ಇಲ್ಲವಾದ ವಿಭಾಗಕ್ಕೆ ಇನ್ನೊಂದನ್ನು ಸೇರಿಸಿದ ಹಾಗಾಯಿತು. ಅಷ್ಟು ಜನ ವಿದ್ವಾಂಸರು ತಲೆ ಆಡಿಸಿ ಒಪ್ಪಿದ್ದರು. ಆ ಸಣ್ಣ ವಿಭಾಗದ ಮೇಷ್ಟರೊಬ್ಬರು ಹೈಕೋರ್ಟಿಗೆ ಹೋಗಿ, ತಾವು ಈಗ ಯಾವ ವಿಭಾಗದಲ್ಲಿದ್ದೇವೆಂದು ನ್ಯಾಯಾಧೀಶರೇ ತಿಳಿಸಬೇಕೆಂದು ಕೇಳಿಕೊಂಡರು. ವಿಶ್ವವಿದ್ಯಾಲಯದ ಮಾನ ಹರಾಜಾಯಿತು. ಅಂದಿನಿಂದ ಕುಲಪತಿಗಳ ಕಚೇರಿಯಲ್ಲಿ ನಿಯಮ, ವಿಧಾನ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಎಲ್ಲರೂ ನೆಟ್ಟಗೆ ಕೂರುತ್ತಿದ್ದರು. ನಾನು ಮುಖ್ಯವಾಗಿ ಹೇಳಬೇಕೆಂದಿರುವ ಪ್ರಸಂಗ ನಡೆಯುವುದಕ್ಕೆ ಈ ಭಯವೇ ದಾರಿ ಮಾಡಿಕೊಟ್ಟಿತು.

ಆ ಹೊತ್ತಿಗೆ ನಮ್ಮ ಶಾಖೆಯಲ್ಲಿ ಟೈಪ್‌ರೈಟರುಗಳು ಮೂಲೆ ಸೇರಿ ಕಂಪ್ಯೂಟರ್ ಬಂದಿತ್ತು. ಮೆಟ್ರೋ ಜನಕಪುರಿಯ ಕಡೆಗೆ ಬರುತ್ತಿದೆ ಎಂದು ರಸ್ತೆಯನ್ನೆಲ್ಲ ಅಗೆದು ಹಾಕಿದ್ದರು. ದಿನಾ ಬಸ್ಸಿನಲ್ಲಿ ಧೂಳು ಕುಡಿದು ಕಚೇರಿ ಮುಟ್ಟುತ್ತಿದ್ದೆ. ವಿಶ್ವವಿದ್ಯಾಲಯಕ್ಕೂ ಹೊಸತರ ಹುಚ್ಚು ಹಿಡಿದಿತ್ತು. ಜೀವಶಾಸ್ತ್ರ ಮತ್ತು ಕಂಪ್ಯೂಟರ್ ಎರಡನ್ನೂ ಕೂಡಿಸಿದ ಒಂದು ಕೇಂದ್ರ ತೆರೆಯಬೇಕೆಂದು ಹೊಸ ಕುಲಪತಿಗಳು ಹಟ ಹಿಡಿದರು. ಹಣ ಮಂಜೂರಾಗಿತ್ತು, ಯಂತ್ರಗಳೂ ಬರುವುದಿದ್ದವು. ಇಲ್ಲದ್ದು ಜಾಗ ಮಾತ್ರ. ಆಗ ಅವರ ಕಣ್ಣು ನದಿ ಅಧ್ಯಯನ ಕೇಂದ್ರದ ಮೇಲೆ ಬಿತ್ತು.

ನದಿ ಅಧ್ಯಯನ ಕೇಂದ್ರವೆಂದರೆ ಹಳೆಯ ಕಟ್ಟಡದ ನೆಲ ಅಂತಸ್ತಿನಲ್ಲಿ, ನೇರಳೆ ಮರದ ನೆರಳಿನಲ್ಲಿದ್ದ ನಾಲ್ಕು ಕೋಣೆ. ಒಳಗೆ ಕಾಲಿಟ್ಟರೆ ಕೆಸರಿನ ವಾಸನೆ. ಕಿಟಕಿಯ ಕಟ್ಟೆಯ ಮೇಲೆಲ್ಲ ಯಮುನೆಯ ನೀರು ತುಂಬಿದ ಬಾಟಲಿಗಳು, ಕೆಲವು ಕಂದು, ಕೆಲವು ಕಪ್ಪು. ನಿರ್ದೇಶಕರು ಪ್ರೊಫೆಸರ್ ಮಾಥುರ್. ತೆಳ್ಳಗಿನ ಮನುಷ್ಯ, ಮಾತು ಕಡಿಮೆ, ಬೇಸಿಗೆಯಲ್ಲೂ ಪೂರ್ತಿ ತೋಳಿನ ಅಂಗಿ. ಒಂದು ಕಾಲಕ್ಕೆ ಅಲ್ಲಿ ಅವರೂ ಸೇರಿ ಮೂವರು ಅಧ್ಯಾಪಕರಿದ್ದರು. ಒಬ್ಬರು ನಿವೃತ್ತರಾದರು, ಇನ್ನೊಬ್ಬರು ಗುಡ್‌ಗಾಂವ್ ಕಡೆ ಯಾವುದೋ ಕಂಪನಿ ಸೇರಿದರು. ಖಾಲಿ ಹುದ್ದೆಗಳನ್ನು ತುಂಬಲಿಲ್ಲ. ಮುಚ್ಚಬೇಕೆಂದಿರುವುದನ್ನು ಹೀಗೆ ಸೊರಗಲು ಬಿಡುವುದು ನಮ್ಮಲ್ಲಿ ಹಳೆಯ ಪದ್ಧತಿ.

ನಿಯಮದ ಪ್ರಕಾರ ಪ್ರತಿ ಕೇಂದ್ರಕ್ಕೂ ಒಂದು ಸಮಿತಿ ಇರಬೇಕು. ನಿರ್ದೇಶಕರೇ ಅಧ್ಯಕ್ಷರು, ಅಧ್ಯಾಪಕರೆಲ್ಲ ಸದಸ್ಯರು. ಈಗ ಅಧ್ಯಕ್ಷರೂ ಮಾಥುರ್, ಸದಸ್ಯರೂ ಮಾಥುರ್. ಬೇರೆಯವರಾಗಿದ್ದರೆ ಸಭೆ ಸೇರುವುದನ್ನೇ ಬಿಡುತ್ತಿದ್ದರು. ಇವರು ಬಿಡಲಿಲ್ಲ. ತಮಗೆ ತಾವೇ ನೋಟಿಸು ಕಳಿಸಿ, ತಲುಪಿತೆಂದು ತಾವೇ ಸಹಿ ಹಾಕಿ, ಹೇಳಿದ ಹೊತ್ತಿಗೆ ಸರಿಯಾಗಿ ಕೂತು ಸಭೆ ನಡೆಸುತ್ತಿದ್ದರು. ಅದರ ನಡಾವಳಿ ನಮ್ಮ ಶಾಖೆಗೆ ಬರುತ್ತಿತ್ತು. ಒಮ್ಮೆ, 'ಅಧ್ಯಕ್ಷರು ಸದಸ್ಯರನ್ನು ಸ್ವಾಗತಿಸಿದರು, ಸದಸ್ಯರು ವಂದಿಸಿದರು' ಎಂದಿತ್ತು. ಇನ್ನೊಮ್ಮೆ ಅವರಿಗೆ ಜ್ವರ ಬಂದಿತ್ತು. 'ಸದಸ್ಯರು ಗೈರುಹಾಜರಾದ್ದರಿಂದ ಅಧ್ಯಕ್ಷರೂ ಬರಲಿಲ್ಲ' ಎಂದು ಬರೆದಿದ್ದರು. ನಾವು ಅದನ್ನು ಗಟ್ಟಿಯಾಗಿ ಓದಿಕೊಂಡು ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದೆವು. ಭಾಟಿಯಾ ಸಾಹೇಬರು ಮಾತ್ರ ನಗುತ್ತಿರಲಿಲ್ಲ. "ಈ ಕ್ಯಾಂಪಸ್ಸಿನಲ್ಲಿ ನಿಯಮವನ್ನು ಪ್ರೀತಿಸುವವರು ಇಬ್ಬರೇ. ಒಬ್ಬ ನಾನು, ಇನ್ನೊಬ್ಬರು ಮಾಥುರ್ ಸಾಹೇಬರು" ಎನ್ನುತ್ತಿದ್ದರು.

ಆ ಕೇಂದ್ರದಲ್ಲಿ ಉಳಿದಿದ್ದ ಒಬ್ಬಳೇ ಸಂಶೋಧನಾ ವಿದ್ಯಾರ್ಥಿನಿ ನಸ್ರೀನ್. ದಾವಣಗೆರೆಯವಳು, ಅಲ್ಲಿನ ಒಂದು ಕಾಲೇಜಿನಲ್ಲಿ ಅಧ್ಯಾಪಕಿ. ರಜೆ ಪಡೆದು ಪಿಎಚ್.ಡಿ. ಮಾಡಲು ಬಂದಿದ್ದಳು. ಮುಖರ್ಜಿ ನಗರದಲ್ಲಿ, ಐಎಎಸ್ ಪರೀಕ್ಷೆಗೆ ಓದುವ ಹುಡುಗಿಯರ ನಡುವೆ ಒಂದು ಕೋಣೆ ಹಿಡಿದಿದ್ದಳು. ಯಮುನೆಯ ದಂಡೆಯಲ್ಲಿ ಬೆಳೆಯುವ ಮೂಲಂಗಿ, ಪಾಲಕ್ ಸೊಪ್ಪಿನೊಳಗೆ ನದಿಯ ನೀರಿನಿಂದ ಏನೇನು ಸೇರುತ್ತದೆ ಎಂಬುದು ಅವಳ ವಿಷಯ. ನನ್ನ ಹೆಸರಿನ ಫಲಕ ನೋಡಿ, ಹಿಂದಿಯಲ್ಲಿ ಶುರು ಮಾಡಿದ ಮಾತನ್ನು ಅರ್ಧಕ್ಕೆ ನಿಲ್ಲಿಸಿ, "ಮೇಡಂ, ನೀವು ಕನ್ನಡದವ್ರಾ?" ಎಂದು ಕೇಳಿದ್ದಳು. ಆಮೇಲೆ ನಮ್ಮ ಮನೆಗೂ ಬರುತ್ತಿದ್ದಳು. ದೆಹಲಿಯಲ್ಲೇ ಹುಟ್ಟಿ ಬೆಳೆದ ನನ್ನ ಮಗಳು ಅವಳ ಮುಂದೆ ಮಾತ್ರ ನಾಚಿಕೊಳ್ಳದೆ, "ಅಚ್ಛಾ ನಸ್ರೀನಕ್ಕ, ನೀವು ನಿಜಕ್ಕೂ ಆ ಗಂದಾ ಪಾನಿ ಒಳಗೆ ಇಳೀತೀರಾ?" ಎಂದು ತನ್ನ ಕಲಸುಮೇಲೋಗರ ಕನ್ನಡದಲ್ಲಿ ಕೇಳುತ್ತಿದ್ದಳು.

ಕೇಂದ್ರ ಮುಚ್ಚುವ ಪ್ರಸ್ತಾವದ ಕರಡು ಸಿದ್ಧಪಡಿಸುವ ಕೆಲಸ ನನ್ನ ಪಾಲಿಗೇ ಬಂತು. ನಸ್ರೀನಳ ಪ್ರಬಂಧ ಆಗ ಮುಗಿಯುವ ಹಂತದಲ್ಲಿತ್ತು. ಹಾಗಾಗಿ, 'ಈಗಿರುವ ವಿದ್ಯಾರ್ಥಿಯ ಪದವಿ ಮುಗಿಯುವವರೆಗೆ ಕೇಂದ್ರ ಮುಂದುವರಿಯತಕ್ಕದ್ದು' ಎಂದು ಒಂದು ಸಾಲು ಸೇರಿಸಿದೆ. ಕುಲಪತಿಗಳು ನನ್ನನ್ನು ಕರೆಸಿ, ನನ್ನ ಎದುರಿಗೇ ಆ ಸಾಲಿನ ಮೇಲೆ ಗೀಟು ಎಳೆದರು.

"ಮೇಡಂ, ವಿದ್ಯಾರ್ಥಿ ಉಳಿದರೆ ಪ್ರೊಫೆಸರ್ ಉಳಿಯುತ್ತಾರೆ. ಪ್ರೊಫೆಸರ್ ಉಳಿದರೆ ಕೋಣೆ ಉಳಿಯುತ್ತವೆ. ನನ್ನ ಯಂತ್ರಗಳನ್ನು ಎಲ್ಲಿಡಲಿ? ಆ ಹುಡುಗಿಯನ್ನು ಪರಿಸರ ವಿಜ್ಞಾನಕ್ಕೆ ವರ್ಗಾಯಿಸಿ."

ಹಾಗೆ ವರ್ಗವಾದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಹೊಸ ವಿಭಾಗದಲ್ಲಿ ಹೊಸ ನೋಂದಣಿ, ಹೊಸ ಗೈಡ್, ಮತ್ತೆ ಮೊದಲಿನಿಂದ. ಅವಳ ಕಾಲೇಜು ಕೊಟ್ಟ ರಜೆ ಆ ವರ್ಷದ ಮಳೆಗಾಲಕ್ಕೆ ಮುಗಿಯುತ್ತಿತ್ತು. ಸಂಜೆ ನಸ್ರೀನ್ ಬಂದಾಗ ವಿಷಯ ಮುಚ್ಚಿಡಲು ನನ್ನಿಂದಾಗಲಿಲ್ಲ, ಹೇಳಿಬಿಟ್ಟೆ. ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

"ಡಿಗ್ರಿ ಇಲ್ದೆ ಹೋದ್ರೆ ಕಾಲೇಜಿನವ್ರು ಇನ್ನೊಂದ್ಸಲ ರಜೆ ಕೊಡಲ್ಲ ಮೇಡಂ. ಅಪ್ಪ ಮೊದ್ಲೇ ಬೇಡ ಅಂದಿದ್ರು. ಇಷ್ಟು ವರ್ಷ ಕೆಸರು ತುಳಿದು ಕೈಯಲ್ಲಿ ಏನು ಹಿಡ್ಕೊಂಡು ಹೋಗ್ಲಿ?"

ಒಂದು ಲೋಟ ಚಹಾ ಕೊಟ್ಟೆ, ಅಷ್ಟೇ.

ಮರುದಿನ ಭಾಟಿಯಾ ಸಾಹೇಬರ ಮುಂದೆ ಕಡತ ಇಟ್ಟೆ. ನನ್ನ ಮುಖ ನೋಡಿಯೇ ಅವರಿಗೆ ಅರ್ಥವಾಯಿತು. "ಮುಚ್ಚುವ ಮೊದಲು ಕೇಂದ್ರದ ಸಮಿತಿಯ ಅಭಿಪ್ರಾಯ ಬೇಕು. ಅದಿಲ್ಲದೆ ಪರಿಷತ್ತಿಗೆ ಕಳಿಸಿದರೆ ಮತ್ತೆ ಹೈಕೋರ್ಟು. ಚಲೋ, ಮಾಥುರ್ ಸಾಹೇಬರಿಗೆ ಕಳಿಸಿ" ಎಂದರು. ಕುಲಪತಿಗಳೂ ಒಪ್ಪಿದರು. ಅವರ ಲೆಕ್ಕ ಸರಳವಾಗಿತ್ತು. ಸಮಿತಿ ಒಪ್ಪಿದರೆ ಕೆಲಸ ಮುಗಿಯಿತು. ವಿರೋಧಿಸಿದರೆ ಪರಿಷತ್ತು ಆ ವಿರೋಧವನ್ನು ತಳ್ಳಿಹಾಕಬಹುದು. ಹೇಗಾದರೂ ಕೋಣೆಗಳು ಸಿಗುತ್ತವೆ. ಅಭಿಪ್ರಾಯವೇ ಬಾರದಿದ್ದರೆ ಏನು ಮಾಡಬೇಕೆಂದು ಯಾರೂ ಯೋಚಿಸಿರಲಿಲ್ಲ.

ಮಾಥುರ್ ನಿಯಮದಂತೆ ತಮಗೆ ನೋಟಿಸು ಕೊಟ್ಟುಕೊಂಡು ಸಭೆ ನಡೆಸಿದರು. ಆ ನಡಾವಳಿ ನಮ್ಮ ಕೈಗೆ ಬಂದ ದಿನ ನಮ್ಮ ಶಾಖೆಯಲ್ಲಿ ಯಾರೂ ಮಧ್ಯಾಹ್ನದವರೆಗೆ ಕೆಲಸ ಮಾಡಲಿಲ್ಲ. ಅಧ್ಯಕ್ಷರು ವಿಶ್ವವಿದ್ಯಾಲಯದ ಒಟ್ಟು ಹಿತವನ್ನು ಗಮನಿಸಿ ಕೇಂದ್ರ ಮುಚ್ಚಬಹುದೆಂದು ಅಭಿಪ್ರಾಯಪಟ್ಟಿದ್ದರು. ಸದಸ್ಯರು ವಿದ್ಯಾರ್ಥಿನಿಯ ಹಿತವನ್ನು ಗಮನಿಸಿ ಅದನ್ನು ಬಲವಾಗಿ ವಿರೋಧಿಸಿದ್ದರು. ಮತಗಳು ಸಮವಾದವು. ಅಧ್ಯಕ್ಷರು ತಮ್ಮ ನಿರ್ಣಾಯಕ ಮತ ಚಲಾಯಿಸಲು ಹೊರಟಾಗ ಸದಸ್ಯರು ತಡೆದು, ಅಧ್ಯಕ್ಷರು ಸದ್ಯದಲ್ಲೇ ನಿವೃತ್ತರಾಗುವವರು, ಹೋಗುವವರು ಇಂಥ ತೀರ್ಮಾನ ಮಾಡುವುದು ಸರಿಯಲ್ಲ ಎಂದು ಆಕ್ಷೇಪಿಸಿದರು. ಆಕ್ಷೇಪಣೆಯಲ್ಲಿ ಹುರುಳಿದೆ ಎಂದು ಅಧ್ಯಕ್ಷರು ಒಪ್ಪಿಕೊಂಡರು. ಒಮ್ಮತ ಮೂಡದ ಕಾರಣ ಸಭೆಯನ್ನು ಮುಂದೂಡಲಾಗಿತ್ತು. ಕೆಳಗೆ ಎರಡು ಸಹಿ, ಎರಡೂ ಮಾಥುರ್ ಅವರದೇ.

ಭಾಟಿಯಾ ಸಾಹೇಬರನ್ನೂ ನನ್ನನ್ನೂ ಕರೆಸಿದ ಕುಲಪತಿಗಳು ಕೆಂಡವಾದರು. "ಇದೇನು ತಮಾಷೆ? ಒಬ್ಬ ಮನುಷ್ಯ ತನ್ನ ಜೊತೆ ತಾನೇ ಜಗಳವಾಡಿದ್ದಾನೆ!"

ಭಾಟಿಯಾ ಸಾಹೇಬರು ಮೀಸೆಯನ್ನೂ ಅಲುಗಿಸದೆ, "ಸರ್, ಕೋರಂ ಇತ್ತು" ಎಂದರು.

ನಾನು ಕಿಟಕಿಯ ಕಡೆ ತಿರುಗಿದೆ. ತುಟಿ ಕಚ್ಚಿ ಹಿಡಿದ ನಗು ಮೂಗಿನಿಂದ ಬರುವ ಹಾಗಿತ್ತು. ಕಾನೂನು ಸಲಹೆಗಾರರನ್ನು ಕರೆಸಿದರು. ಅವರು ಕಾಗದವನ್ನು ಹಿಂದೆ ಮುಂದೆ ತಿರುಗಿಸಿ, ಹಳೆಯ ಮುಖಭಂಗವನ್ನು ನೆನಪಿಸಿ, ಅವಸರ ಬೇಡ ಎಂದರು. ಒಂದೇ ದಾರಿ ಉಳಿದಿತ್ತು. ಬೇರೆ ವಿಭಾಗದಿಂದ ಇಬ್ಬರನ್ನು ಆ ಸಮಿತಿಗೆ ನಾಮನಿರ್ದೇಶನ ಮಾಡಬೇಕು. ಅದಕ್ಕೆ ಕಾರ್ಯಕಾರಿ ಮಂಡಳಿಯ ಒಪ್ಪಿಗೆ ಬೇಕು. ಮಂಡಳಿ ಸೇರುವುದು ಬೇಸಿಗೆ ರಜೆ ಮುಗಿದ ಮೇಲೆ. ಅಂದರೆ ನಸ್ರೀನಳಿಗೆ ಒಂದು ಬೇಸಿಗೆ ಸಿಕ್ಕಿತು.

ಆ ಬೇಸಿಗೆಯನ್ನು ಮರೆಯುವಂತಿಲ್ಲ. ಹೊರಗೆ 'ಲೂ' ಎಂಬ ಬಿಸಿಗಾಳಿ ಮುಖಕ್ಕೆ ಬಡಿಯುತ್ತಿತ್ತು. ಮುಖರ್ಜಿ ನಗರದ ಕೋಣೆಯಲ್ಲಿ ಕರೆಂಟ್ ಹೋದಾಗಲೆಲ್ಲ ನಸ್ರೀನ್ ಆಟೋ ಹಿಡಿದು ಕೇಂದ್ರಕ್ಕೆ ಬಂದು ಟೈಪ್ ಮಾಡುತ್ತಿದ್ದಳು. ಎದುರಿಗೆ ಮಾಥುರ್ ಕೂತು ಒಂದೊಂದು ಪುಟ ತಿದ್ದುತ್ತಿದ್ದರು. "ಬೇಟಾ, ಅವಸರದಲ್ಲಿ ಬರೆದದ್ದು ಅಂತ ಯಾರಿಗೂ ಅನ್ನಿಸಬಾರದು" ಎಂದು ಅದೇ ಅಧ್ಯಾಯವನ್ನು ಮೂರನೆಯ ಸಲ ಬರೆಸಿದರು. ನನಗೆ ಮೈಯೆಲ್ಲ ಉರಿಯಿತು. ಇಲ್ಲಿ ಮನೆಗೆ ಬೆಂಕಿ ಬಿದ್ದಿದೆ, ಇವರು ಅಲ್ಪವಿರಾಮ ತಿದ್ದುತ್ತಿದ್ದಾರಲ್ಲ ಎಂದು ಅವರ ಎದುರಿಗೇ ಅಂದೆ. ಅವರು ತಲೆ ಎತ್ತದೆ, "ಇದು ಈ ಕೇಂದ್ರದ ಕೊನೆಯ ಪ್ರಬಂಧ, ವಸುಂಧರಾ ಜೀ" ಎಂದರು.

ಪ್ರಬಂಧ ಸಲ್ಲಿಕೆಯಾಯಿತು. ಹೊರಗಿನ ಪರೀಕ್ಷಕರು ಪಟನಾದ ಒಬ್ಬ ವೃದ್ಧ ಪ್ರೊಫೆಸರ್. ಇ-ಮೇಲ್ ಎಂದರೆ ಅವರಿಗೆ ಅಲರ್ಜಿ, ವರದಿ ಅಂಚೆಯಲ್ಲೇ ಬರಬೇಕು. ಗೈಡ್ ಆದವರು ಪರೀಕ್ಷಕರನ್ನು ಸಂಪರ್ಕಿಸುವಂತಿಲ್ಲ. ಒಂದು ಫೋನ್ ಮಾಡಿದರೆ ಯಾರಿಗೆ ಗೊತ್ತಾಗುತ್ತೆ ಎಂದು ನಾನೇ ಮಾಥುರ್ ಅವರಿಗೆ ಸೂಚಿಸಿದೆ. ತನ್ನ ವಿರುದ್ಧ ತಾನೇ ಮತ ಹಾಕಬಲ್ಲ ಆ ಮನುಷ್ಯ ಫೋನ್ ಮಾತ್ರ ಮುಟ್ಟಲಿಲ್ಲ. ಪರೀಕ್ಷಾ ವಿಭಾಗದವರು ಜ್ಞಾಪನ ಕಳಿಸುತ್ತ ಹೋದರು. ನಸ್ರೀನ್ ದಿನಾ ಬಂದು ನನ್ನ ಮೇಜಿನ ಮುಂದೆ ಏನೂ ಕೇಳದೆ ನಿಲ್ಲುತ್ತಿದ್ದಳು. ನಾನು ಇಲ್ಲವೆಂದು ತಲೆ ಆಡಿಸುತ್ತಿದ್ದೆ, ಅವಳು ಹೋಗುತ್ತಿದ್ದಳು. ಅತ್ತ ವಿಶ್ವವಿದ್ಯಾಲಯದ ಬೇಸಿಗೆ ರಜೆ ಮುಗಿಯಿತು. ಮಂಡಳಿ ಸೇರಿ ಇಬ್ಬರು ಹೊಸ ಸದಸ್ಯರ ಹೆಸರಿಗೆ ಒಪ್ಪಿಗೆ ಕೊಟ್ಟಿತು. ಆದೇಶ ಟೈಪಾಗಿ ಸಹಿಗೆ ಹೋಗುವುದಷ್ಟೇ ಬಾಕಿ.

ಮೊದಲ ಮಳೆ ಬಿದ್ದ ವಾರ ಪಟನಾದಿಂದ ವರದಿ ಬಂತು. ಪ್ರಬಂಧವನ್ನು ಬಾಯಿ ತುಂಬ ಹೊಗಳಿದ್ದರು. ಆ ವಾರ ಭಾಟಿಯಾ ಸಾಹೇಬರು ಎರಡು ಕಡತಗಳನ್ನು ನೋಡಿದರು. ವೈವಾ ಕಡತಕ್ಕೆ ನಿಂತ ಕಾಲಿನಲ್ಲೇ ಸಹಿ ಹಾಕಿದರು. ನಾಮನಿರ್ದೇಶನದ ಆದೇಶವನ್ನು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು, ಮೊದಲ ಸಾಲಿನಿಂದ ಸಾವಕಾಶವಾಗಿ ಓದಲು ಕೂತರು. ಅವರು ಅಷ್ಟು ನಿಧಾನವಾಗಿ ಓದಿದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

ವೈವಾ ನಡೆದದ್ದು ಕೇಂದ್ರದ ದೊಡ್ಡ ಕೋಣೆಯಲ್ಲೇ. ಪಟನಾದ ವೃದ್ಧರು ಕೇಳಿದ ಪ್ರಶ್ನೆಗಳಿಗೆಲ್ಲ ನಸ್ರೀನ್ ತಡವರಿಸದೆ ಉತ್ತರಿಸಿದಳು. ಕೊನೆಗೆ ಅವರು, "ಇನ್ನು ಮೇಲೆ ನಾನು ಪಾಲಕ್ ತಿನ್ನುವುದೋ ಬಿಡುವುದೋ ಹೇಳಮ್ಮ" ಎಂದರು. ಎಲ್ಲರೂ ನಕ್ಕರು. ನಸ್ರೀನ್ ಹೊರಗೆ ಬಂದು ನನ್ನ ಕೈ ಹಿಡಿದುಕೊಂಡು, "ಆಯ್ತು ಮೇಡಂ, ಆಯ್ತು" ಎಂದಷ್ಟೇ ಹೇಳಿದಳು. ಆಗ ಅತ್ತಳು. ನಾನೂ ಅತ್ತೆ. ಅವಳ ಅಮ್ಮ ಊರಿನಿಂದ ಕಳಿಸಿದ ಖಾರದ ಮಂಡಕ್ಕಿಯನ್ನು ಕಾಗದದ ಪೊಟ್ಟಣ ಮಾಡಿ ಹಂಚಿದೆವು. ಭಾಟಿಯಾ ಸಾಹೇಬರು ಎರಡು ಸಲ ಹಾಕಿಸಿಕೊಂಡರು.

ಮರುದಿನವೇ ಮಾಥುರ್ ಅವರಿಂದ ನನಗೊಂದು ನೋಟಿಸು ಬಂತು. ಮುಂದೂಡಿದ ಸಭೆಯನ್ನು ಮತ್ತೆ ಕರೆದಿದ್ದರು. ನನ್ನನ್ನು ವಿಶೇಷ ಆಹ್ವಾನಿತಳೆಂದು ಕರೆದಿದ್ದರು. ನಾನು ಓಡಿಹೋಗಿ, ಹೊಸ ಸದಸ್ಯರ ಆದೇಶ ಇನ್ನೂ ಹೊರಬಿದ್ದಿಲ್ಲ, ಇನ್ನೂ ಸ್ವಲ್ಪ ದಿನ ತಳ್ಳಬಹುದು ಎಂದೆ.

"ಯಾಕೆ ತಳ್ಳಬೇಕು? ಹುಡುಗಿಯ ಕೆಲಸ ಆಯಿತಲ್ಲ. ನದಿಯ ದಡವನ್ನೇ ನೋಡದವರು ಬಂದು ಇದನ್ನು ಮುಚ್ಚುವುದು ನನಗೆ ಬೇಡ. ತೆರೆದಾಗ ನಾನಿದ್ದೆ, ನಾನೇ ಮುಚ್ಚುತ್ತೇನೆ" ಎಂದರು.

ಸಭೆಯ ಹೊತ್ತಿಗೆ ಹೋದೆ. ಕಿಟಕಿಯ ಕಟ್ಟೆ ಖಾಲಿಯಾಗಿತ್ತು, ಬಾಟಲಿಗಳೆಲ್ಲ ರಟ್ಟಿನ ಪೆಟ್ಟಿಗೆ ಸೇರಿದ್ದವು. ಹಳೆಯ ಸದಸ್ಯರ ಕುರ್ಚಿಗಳು ಮೇಜಿನ ಸುತ್ತ ಹಾಗೆಯೇ ಇದ್ದವು. ಮಾಥುರ್ ಎದ್ದು ನಿಂತು ನನ್ನನ್ನು ಸ್ವಾಗತಿಸಿದರು. ಕೂತು, ಕನ್ನಡಕ ಸರಿಮಾಡಿಕೊಂಡು ವಿಷಯವನ್ನು ಓದಿದರು. ಈ ಸಲ ಅಧ್ಯಕ್ಷರಿಗೂ ಸದಸ್ಯರಿಗೂ ವಾದ ನಡೆಯಲಿಲ್ಲ. ಅವರು ಹೊರಗಿನ ನೇರಳೆ ಮರದ ಕಡೆ ಒಮ್ಮೆ ನೋಡಿದರು. ಆಮೇಲೆ, "ಕೇಂದ್ರವನ್ನು ಮುಚ್ಚುವುದಕ್ಕೆ ಒಪ್ಪಿಗೆ ಇರುವವರು ಕೈ ಎತ್ತಬೇಕು" ಎಂದರು.

ಯಾರನ್ನು ಕೇಳಿದರೋ. ಆ ಉದ್ದ ಮೇಜಿನ ತುದಿಯಲ್ಲಿ ಅವರೊಬ್ಬರೇ ಕೈ ಎತ್ತಿದರು. ನನಗೆ ನೋಡಲಾಗಲಿಲ್ಲ. ವಿಶೇಷ ಆಹ್ವಾನಿತರಿಗೆ ಮತವಿಲ್ಲ ಎಂಬುದು ನಮ್ಮ ಶಾಖೆಯಲ್ಲಿ ಎಲ್ಲರಿಗೂ ಗೊತ್ತಿರುವ ನಿಯಮ. ಆದರೂ ನಾನು ಕೈ ಎತ್ತಿದೆ.

ಮಾಥುರ್ ನನ್ನ ಕಡೆ ನೋಡಿದರು. "ಇದು ನಿಯಮಕ್ಕೆ ವಿರುದ್ಧ, ವಸುಂಧರಾ ಜೀ" ಎಂದರು.

ಕೈ ಇಳಿಸಿ ಎಂದು ಮಾತ್ರ ಹೇಳಲಿಲ್ಲ.